ಮಶಾಕನ ಅಂಗಡಿಯ ಮುಂದಿನ ಪಾಳಿ

ಬಟ್ಟೆ ಒಗೆಯುವ ಹಣಮಪ್ಪನ ಕೈಯಲ್ಲಿ ಬಟ್ಟೆಯ ಕೊಳೆ ಉಳಿಯುವುದಿಲ್ಲ ಎಂಬುದರಲ್ಲಿ ಚಿತ್ತಾಪುರದಲ್ಲಿ ಎರಡು ಮಾತಿರಲಿಲ್ಲ. ಆದರೆ ಹಳ್ಳದ ದಂಡೆಯ ಫರಸಿಗಲ್ಲಿನ ಮೇಲೆ ಅವನು ಒಗೆಯುವುದನ್ನು ಕಣ್ಣಾರೆ ಕಂಡವರಿಗೆ, ಆ ಬಟ್ಟೆ ಹಿಂದಿನ ಜನ್ಮದಲ್ಲಿ ಅವನಿಗೇನೋ ದೊಡ್ಡ ಮೋಸ ಮಾಡಿರಬೇಕು ಎನಿಸುತ್ತಿತ್ತು. ಅಮೃತಪ್ಪನ ಕರಿ ಶೇರವಾನಿ ಅಂಥದೊಂದು ವಿಚಾರಣೆ ಮುಗಿಸಿಕೊಂಡು ನಿನ್ನೆ ಸಂಜೆ ಮನೆಗೆ ಬಂದಿತ್ತು. ಬೆಳಿಗ್ಗೆ ಅದನ್ನು ಹಾಕಿಕೊಂಡು, ಹೊಟ್ಟೆಯಿಂದ ಒಂದೊಂದೇ ಗುಂಡಿ ಹಚ್ಚುತ್ತ ಕೊರಳಿಗೆ ಬಂದಾಗ ಅವನ ಕೈಗೆ ಏನೂ ಸಿಗಲಿಲ್ಲ. ಗುಂಡಿ ಇರಬೇಕಾದಲ್ಲಿ ಎರಡು ದಾರಗಳು ಬೆಕ್ಕಿನ ಮೀಸೆಯಂತೆ ನಿಗುರಿ ನಿಂತಿದ್ದವು.

“ತಳಗಿನ ಗುಂಡಿ ಕಿತ್ತು ಮ್ಯಾಲ ಹಚ್ಚಲೇನ್ರಿ?” ಎಂದಳು ಹೆಂಡತಿ ಶಿವಕಾಂತಮ್ಮ, ಸೂಜಿ ಹಿಡಿದುಕೊಂಡೇ.

“ತಳಗ ಎಲ್ಲಿ ಉಳದಾವ? ಇನ್ನೊಂದು ಕಿತ್ತಿದ್ರ ಹೊಟ್ಟಿ ಕಾಣ್ತದ.”

ಅದು ನಿಜವಾಗಿತ್ತು. ಆ ಶೇರವಾನಿಯ ಕೆಳಗಿನ ಗುಂಡಿಗಳಿಗೆಲ್ಲ ಒಂದೊಂದಾಗಿ ಬಡ್ತಿ ಸಿಕ್ಕು ಮೇಲೆ ಹೋಗಿದ್ದವು. ಆ ಮನೆಯಲ್ಲಿ ಇದುವರೆಗೆ ಬಡ್ತಿ ಕಂಡದ್ದು ಗುಂಡಿಗಳು ಮಾತ್ರ. ಅಮೃತಪ್ಪ ಊರಿನ ರಸದ ದಫ್ತರದಲ್ಲಿ, ಎಂದರೆ ಧಾನ್ಯ, ಎಣ್ಣೆ, ಬಟ್ಟೆಗಳ ಪರವಾನಗಿ ಬರೆದುಕೊಡುವ ಸಣ್ಣ ಕಚೇರಿಯಲ್ಲಿ, ಹಂಗಾಮಿ ಕಾರಕೂನ. ಅವನು ನೌಕರಿಗೆ ಸೇರಿದ ಮೇಲೆ ಹುಟ್ಟಿದ ಕರು ಈಗ ನಾಲ್ಕು ಸಲ ಈದಿತ್ತು, ಅವನಿನ್ನೂ ಹಂಗಾಮಿಯೇ. ಇಂದು ಮಾತ್ರ ಹಣೆಬರಹ ಬದಲಾಗುವ ಲಕ್ಷಣವಿತ್ತು. ವಾಡಿಯ ಕಡೆಯಿಂದ ಬರುವ ಮುಂಜಾನೆಯ ರೈಲುಗಾಡಿಗೆ ತನಿಖೆಯ ದೊಡ್ಡ ಸಾಹೇಬರು ಬರುವವರಿದ್ದರು. ಅಮೃತಪ್ಪನನ್ನು ಕಾಯಂ ಮಾಡುವ ಹುಕುಂ ಅವರ ಸಹಿಗಾಗಿ ಮೇಜಿನ ಮೇಲೆ ಕಾದಿತ್ತು.

ದಫ್ತರದ ಹಿರಿಯ ಗುಮಾಸ್ತ, ಪೇಶಕಾರ ನಾಗೇಂದ್ರಪ್ಪ ನಿನ್ನೆಯೇ ಎಚ್ಚರಿಕೆ ಕೊಟ್ಟಿದ್ದ: “ಅಮೃತಪ್ಪ, ಈ ಸಾಹೇಬರ ಕಣ್ಣು ಮೊದಲ ಬೀಳೋದು ಕೊರಳ ಗುಂಡಿ ಮ್ಯಾಲ. ಮಾರಿ ನೋಡೋದು ಆಮ್ಯಾಲ. ಗುಂಡಿ ಬಿಚ್ಚಿದವಗ ಹುಕುಂ ಇಲ್ಲ, ಮಾರಿ ಹ್ಯಾಂಗರ ಇರ್ಲಿ.”

“ಪಿನ್ನರ ಚುಚ್ಚಲೇನು?” ಎಂದಳು ಶಿವಕಾಂತಮ್ಮ. ಚುಚ್ಚಿ ನೋಡಿದರು. ಅಮೃತಪ್ಪ ಉಗುಳು ನುಂಗಿದಾಗಲೆಲ್ಲ ಪಿನ್ನು ಅವನ ಗಂಟಲಿನ ಕ್ಷೇಮ ವಿಚಾರಿಸಿತು. ಸಾಹೇಬರ ಮುಂದೆ ಉಗುಳು ನುಂಗದೆ ನಿಲ್ಲುವುದು ಅವನಿಂದಾಗದ ಕೆಲಸ. ಪಿನ್ನು ತೆಗೆದು ಬಜಾರಕ್ಕೆ ಹೊರಟ.

ಬಜಾರದಲ್ಲಿ ಬಳೆ, ದಾರ, ಸೂಜಿ, ಗುಂಡಿ ಮಾರುವವನು ಮಶಾಕ ಒಬ್ಬನೇ. ಅವನು ಆಗಷ್ಟೇ ಕಟ್ಟೆ ಗುಡಿಸಿ, ನೀರು ಚಿಮುಕಿಸಿ, ಲೋಬಾನದ ಹೊಗೆ ಹಾಕಿ ಕುಳಿತಿದ್ದ. ಹೊಗೆಯ ನಡುವಿನಿಂದ ಅಮೃತಪ್ಪನ ಮುಖ ಮೂಡಿದ್ದು ನೋಡಿ ಅವನ ಕೈ ತಾನಾಗಿಯೇ ಬಳೆಯ ಪೆಟ್ಟಿಗೆಯ ಮುಚ್ಚಳಕ್ಕೆ ಹೋಯಿತು.

“ಮಶಾಕ, ಒಂದು ಕರಿ ಗುಂಡಿ ಕೊಡು. ಜಲ್ದಿ.”

“ಅಮೃತಪ್ಪನವರ, ಬೋಣಿ ಆಗಿಲ್ರಿ.”

“ಮತ್ತ ನಾ ಮಾಡ್ತೀನಲ್ಲ.”

“ಅದಕ್ಕೇ ಹೇಳಿದೆ, ಆಗಿಲ್ಲಂತ.”

ಇಲ್ಲಿ ಅಮೃತಪ್ಪನ ಬಲಗೈಯ ವಿಷಯ ಸ್ವಲ್ಪ ಹೇಳಬೇಕು. ಬೋಣಿಯೆಂದರೆ ದಿನದ ಮೊದಲ ವ್ಯಾಪಾರ. ಮೊದಲ ಗಿರಾಕಿಯ ಕೈಗುಣ ಹೇಗೋ ಆ ದಿನದ ವ್ಯಾಪಾರ ಹಾಗೆ. ಬಸವಂತರಾಯ ಹೊಸದಾಗಿ ಬಟ್ಟೆ ಅಂಗಡಿ ತೆರೆದ ದಿನ ಅಲ್ಲಿ ಬೋಣಿ ಮಾಡಿದವನು ಅಮೃತಪ್ಪ. ಕೊಂಡದ್ದು ಒಂದು ಪಂಚೆ. ಅಂದು ಸಂಜೆಯ ಗಾಡಿಗೆ ಲಡಾಯಿ ಶುರುವಾದ ಸುದ್ದಿ ಬಂತು. ಲಡಾಯಿಗೆ ಕಾರಣ ಜರ್ಮನಿ ಎಂದು ಪತ್ರಿಕೆಗಳು ಬರೆದವು. ಚಿತ್ತಾಪುರದ ಬಜಾರ ಪತ್ರಿಕೆಗಳನ್ನು ನಂಬಲಿಲ್ಲ. ಮುಂದೊಮ್ಮೆ ಅವನು ಎಣ್ಣೆಯ ಅಂಗಡಿಯಲ್ಲಿ ಬೋಣಿ ಮಾಡಿದ. ಆ ವಾರವೇ ಸೀಮೆಎಣ್ಣೆ ಸರಕಾರದ ಕಂಟ್ರೋಲಿಗೆ ಹೋಯಿತು. ಆಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಸ್ವತಃ ಅಮೃತಪ್ಪನಿಗೂ ಉಳಿದಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೆ ಎಲ್ಲರೂ ತಂತಮ್ಮ ಅಂಗೈ ನೋಡಿಕೊಂಡರೆ, ಅವನು ಕೈಯನ್ನು ಕಂಬಳಿಯೊಳಗೇ ಇಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದ.

“ಖುದಾ ಕಸಮ್, ನಿಮ್ಮ ಮ್ಯಾಲ ನನಗ ಇಜ್ಜತ್ ಭಾಳ ಅದ,” ಎಂದ ಮಶಾಕ. “ಕೈ ಮ್ಯಾಲ ಇಲ್ಲ, ಅಷ್ಟೇ.”

“ಹಂಗಾರ ಪುಕ್ಕಟ ಕೊಡು. ಪುಕ್ಕಟ ಕೊಟ್ಟಿದ್ದು ಬೋಣಿ ಆಗಂಗಿಲ್ಲ.”

“ಬೋಣಿಗಿಂತ ಮೊದಲ ದಾನ ಮಾಡಂತೀರಿ! ಅದರಕಿಂತ ಅಂಗಡಿಗಿ ಕೀಲಿ ಹಾಕಿ ದರ್ಗಾದ ಮುಂದ ಕುಂದರ್ತೀನಿ ಬಿಡ್ರಿ.” ಮಶಾಕನಿಗೆ ತನ್ನ ಮಾತು ಕಟುವಾಯಿತೆನಿಸಿತೋ ಏನೋ, ದನಿ ಇಳಿಸಿದ. “ಯಾರರ ಒಬ್ಬ ಗಿರಾಕಿ ಬರ್ಲಿ. ಅವರ ಬೆನ್ನಿಗೇ ನಿಮಗ ಗುಂಡಿ. ಜರಾ ನಿಂದ್ರಿ. ಕಟ್ಟಿ ಮ್ಯಾಲ ಅಲ್ಲ, ತಳಗ ನಿಂದ್ರಿ.”

ಅಮೃತಪ್ಪ ಕೆಳಗೆ ನಿಂತ. ಅವನು ಮಾಡಿದ ತಪ್ಪು ಅಷ್ಟೇ.

ಆ ಕಾಲದಲ್ಲಿ ಸುಮ್ಮನೆ ನಿಲ್ಲುವುದು ಅಷ್ಟು ಸುಲಭವಿರಲಿಲ್ಲ. ಸಕ್ಕರೆಗೆ ಪಾಳಿ, ಎಣ್ಣೆಗೆ ಪಾಳಿ, ಎಲ್ಲಿ ನೋಡಿದರೂ ಜನರ ಸಾಲು. ಗಿರಣಿ ಬಟ್ಟೆ ಊರಿಗೆ ಬಂದು ಎಷ್ಟು ತಿಂಗಳಾಗಿತ್ತೋ ಯಾರಿಗೂ ನೆನಪಿಲ್ಲ. ಮದುಮಕ್ಕಳು ತೇಪೆ ಹಾಕಿದ ಧೋತರ ಉಟ್ಟು ಮದುವೆಯಾಗುತ್ತಿದ್ದರು. ಒಬ್ಬನ ಹಿಂದೆ ಒಬ್ಬ ನಿಂತರೆ ಏನಾದರೂ ಸಿಗುತ್ತದೆ, ಒಬ್ಬನೇ ನಿಂತಿದ್ದರೆ ಅವನ ಹಿಂದೆ ನಿಲ್ಲಬೇಕು ಎಂಬುದಷ್ಟನ್ನು ನಮ್ಮ ಜನ ಲಡಾಯಿಯಿಂದ ಕಲಿತಿದ್ದರು. ಅಂಥದರಲ್ಲಿ ನಿಂತವನು ರಸದ ದಫ್ತರದ ಮನುಷ್ಯ, ಅದೂ ಹೊತ್ತು ಏರುವ ಮೊದಲು, ಅದೂ ಶೇರವಾನಿ ಹಾಕಿಕೊಂಡು!

ಪಕ್ಕದ ಮನೆಯ ಚಂದಮ್ಮ ನೀರಿಗೆ ಹೊರಟವಳು, ಕೊಡ ಕಂಕುಳಲ್ಲಿ ಇಟ್ಟುಕೊಂಡೇ ನಿಂತಳು.

“ಏನ್ ಬರ್ತದ್ರಿ ಅಮೃತಪ್ಪನವರ?”

“ಏನೂ ಬರಂಗಿಲ್ಲವ್ವ. ಸುಮ್ನ ನಿಂತೀನಿ.”

“ಸುಮ್ನ,” ಎಂದಳು ಚಂದಮ್ಮ, ಆ ಶಬ್ದವನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡುವವಳಂತೆ. ಕೊಡ ಕೆಳಗಿಟ್ಟಳು. ಸೆರಗು ತಲೆ ಮೇಲೆಳೆದುಕೊಂಡು ಅವನ ಬೆನ್ನಿಗೆ ಹತ್ತಿ ನಿಂತಳು.

ತಂಗೀ, ಅಕ್ಕಾ ಎಂದು ಅವಳು ಯಾರನ್ನೂ ಕರೆಯಲಿಲ್ಲ. ಕರೆಯದೆ ಇದ್ದದ್ದೇ ಓಣಿಗೆಲ್ಲ ಗೊತ್ತಾಯಿತು. ಚಂದಮ್ಮ ಮಾತಾಡದೆ ಒಂದು ಕಡೆ ನಿಂತದ್ದನ್ನು ಓಣಿ ಅದುವರೆಗೆ ಕಂಡಿರಲಿಲ್ಲ. ಮೂವರು ಹೆಂಗಸರು ಬಂದರು. ಅವರನ್ನು ಹುಡುಕುತ್ತ ಅವರ ಅತ್ತೆಯಂದಿರು ಬಂದರು. ಕಂತಿಭಿಕ್ಷೆಗೆ ಹೊರಟಿದ್ದ ಮಡಿವಾಳಯ್ಯನವರು ಜೋಳಿಗೆ ಸರಿಸಿಕೊಂಡು ಕೇಳಿದರು:

“ಯಾವ ಪಾಳಿ ಇದು?”

“ನಮಗೇನ್ ಗೊತ್ರಿ ಅಯ್ಯನವರ. ಮುಂದ ದಫ್ತರದವರು ನಿಂತಾರ.”

“ಹಂಗಾರ ಖಾತ್ರಿ ಅದ,” ಎಂದು ಅಯ್ಯನವರೂ ನಿಂತರು. ಓಣಿಯ ಅರ್ಧ ಮನೆಗಳಲ್ಲಿ ಅಂದು ಭಿಕ್ಷೆಯ ಹಿಟ್ಟು ಮೊರದಲ್ಲೇ ಉಳಿಯಿತು. ಉಳಿದರ್ಧ ಮನೆಯವರು ಪಾಳಿಯಲ್ಲೇ ಇದ್ದರು.

ಅಮೃತಪ್ಪ ತಿರುಗಿ ನೋಡಿದಾಗ ಪಾಳಿ ಬೇವಿನ ಮರ ದಾಟಿ ಕಾಳಗಿಯ ದಾರಿಯ ಕಡೆಗೆ ಹೊರಳಿತ್ತು. ಅದನ್ನು ನೋಡಿ ಅವನಿಗೆ ಒಂದು ಆಸೆ ಹುಟ್ಟಿತು. ಇಷ್ಟು ಮಂದಿಯಲ್ಲಿ ಒಬ್ಬರಾದರೂ ಬೋಣಿ ಮಾಡಬಾರದೇ?

“ಚಂದವ್ವ, ನಿನ್ನ ಕಾಲ ಬೀಳ್ತೀನಿ. ಒಂದು ದಾರದ ಉಂಡಿ ತಗೋ. ರೊಕ್ಕ ನಾ ಕೊಡ್ತೀನಿ.”

ಚಂದಮ್ಮ ಕಣ್ಣು ಸಣ್ಣದು ಮಾಡಿದಳು. “ತಗೊಂಡ ಮ್ಯಾಲ?”

“ತಗೊಂಡ ಮ್ಯಾಲ ಏನು? ಮನಿಗಿ ಹೋಗು.”

“ನೋಡ್ರೆವ್ವ, ಕೇಳಿದ್ರ್ಯಾ?” ಚಂದಮ್ಮ ಹಿಂದಕ್ಕೆ ಹೊರಳಿ ಪಾಳಿಗೆಲ್ಲ ಕೇಳುವಂತೆ ಕೂಗಿದಳು. “ಮಾಲು ತಗೊಂಡವರು ಪಾಳಿ ಬಿಡ್ಬೇಕು, ಮತ್ತ ಬೇಕಂದ್ರ ಹಿಂದ ಹೋಗಿ ನಿಂದ್ರಬೇಕು. ಸೀಮೆಎಣ್ಣಿ ಪಾಳ್ಯಾಗ ಇವರೇ ಕೋಲು ಹಿಡಕೊಂಡು ಹೇಳಿದ ಕಾನೂನಲ್ಲೇನು? ಈಗ ದಾರದ ಉಂಡಿ ಕೊಟ್ಟು ನನ್ನ ಹಿಂದ ದಬ್ಬಾಕತ್ತಾರ!”

“ಯಾರೂ ಏನೂ ತಗೋಬ್ಯಾಡ್ರೆವ್ವ!” ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ಪಾಳಿಯ ಉದ್ದಕ್ಕೂ ಆ ಮಾತು ಓಡಿತು. ಬಳೆ ಇಡಿಸಿಕೊಳ್ಳಬೇಕೆಂದೇ ಮನೆಯಿಂದ ಬಂದಿದ್ದ ಒಬ್ಬ ಮುದುಕಿ ಕೂಡ ಬೋಳು ಕೈಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು. ಮಶಾಕನ ಅಂಗಡಿ ಹುಟ್ಟಿದಾಗಿನಿಂದ ಅದರ ಮುಂದೆ ಅಷ್ಟು ಮಂದಿ ನಿಂತಿರಲಿಲ್ಲ. ಅಷ್ಟು ಹೊತ್ತು ಬೋಣಿಯಾಗದೆ ಉಳಿದದ್ದೂ ಇಲ್ಲ.

“ಖರೇನ ಹೇಳ್ತೀನಿ, ಕೇಳ್ರಿ,” ಅಮೃತಪ್ಪ ಕೈ ಮುಗಿದ. “ಇಲ್ಲಿ ಏನೂ ಬರಂಗಿಲ್ಲ. ನಾ ಬಂದದ್ದು ಒಂದು ಗುಂಡಿಗಿ. ಈ ಕೊರಳ ಗುಂಡಿಗಿ!”

ಎಲ್ಲರೂ ಅವನ ಬಿಚ್ಚಿದ ಕೊರಳು ನೋಡಿದರು. ಆಮೇಲೆ ಪಾಳಿ ನಕ್ಕಿತು. ಮಡಿವಾಳಯ್ಯನವರು ಹೊಟ್ಟೆ ಹಿಡಿದುಕೊಂಡರು. “ಗುಂಡಿಗಿ ನಿಂತಾರಂತ! ಅಮೃತಪ್ಪ, ಸರಕಾರದ ಗುಟ್ಟು ಮುಚ್ಚಿಡು, ಬ್ಯಾಡನ್ನಂಗಿಲ್ಲ. ಮುಚ್ಚೋದಾದ್ರ ಜರಾ ದೊಡ್ಡದೇನರ ಹೊದಿಸು.”

ಅಷ್ಟರಲ್ಲಿ ಎದುರಿನ ಬಟ್ಟೆ ಅಂಗಡಿಯಿಂದ ಬಸವಂತರಾಯ ರುಮಾಲು ಸುತ್ತಿಕೊಳ್ಳುತ್ತ ಬಂದ. ಕಂಟ್ರೋಲು ಬಂದಂದಿನಿಂದ ಅವನ ಅಂಗಡಿಯಲ್ಲಿ ಗಜಕಡ್ಡಿಯೊಂದನ್ನು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಬಟ್ಟೆಯೆಲ್ಲ ಅವನ ಮನೆಯ ನೆಲದಡಿ, ಜೋಳ ತುಂಬುವ ಹಗೇವಿನಲ್ಲಿ, ತಂಪಾಗಿ ಮಲಗಿದೆ ಎಂದು ಊರೆಲ್ಲ ಹೇಳುತ್ತಿತ್ತು.

“ಅಮೃತಪ್ಪ, ಇದು ನ್ಯಾಯ ಅಲ್ಲ. ನಾ ಇಲ್ಲಿ ಗಜಕಡ್ಡಿ ಹಿಡಕೊಂಡು ಕುಂತೀನಿ, ನೀ ಬಳಿ ಮಾರಾವಗ ಅರಬಿ ಕೊಡಸ್ತಿ!”

“ಅರಬಿ ಅಂತ ಯಾರಂದ್ರು?”

“ಮತ್ತ ಸಕ್ಕರಿಗಿ ಯಾರರ ಶೇರವಾನಿ ಹಾಕ್ಕೊಂಡು ಬರ್ತಾರೇನು?”

‘ಅರಬಿ, ಅರಬಿ’ ಎಂದು ಪಾಳಿಯ ಉದ್ದಕ್ಕೂ ಗುಜುಗುಜು ಹಬ್ಬಿತು. ಇದುವರೆಗೆ ಏನು ಬರುತ್ತದೆಂದು ತಿಳಿಯದೆ ನಿಂತಿದ್ದವರಿಗೆ, ಬರುವುದು ಬಟ್ಟೆ ಎಂದು ಈಗ ತಿಳಿಯಿತು. ಬಸವಂತರಾಯ ಸ್ವಲ್ಪ ಹೊತ್ತು ಸಿಟ್ಟಿನಿಂದ ನಿಂತ. ಆಮೇಲೆ ಸಿಟ್ಟಿನಿಂದಲೇ ಹೋಗಿ ಪಾಳಿಯ ತುದಿಯಲ್ಲಿ ನಿಂತ. ಹಗೇವಿನಲ್ಲಿ ಇನ್ನೂ ಜಾಗವಿದ್ದಿರಬೇಕು.

ಇತ್ತ ಮಶಾಕನ ಮುಖದಲ್ಲಿ ಒಂದು ಬೆಳಕು ಬಂದಿತ್ತು. ಅವನು ಕಟ್ಟೆಯ ಅಂಚಿಗೆ ಬಗ್ಗಿ ಅಮೃತಪ್ಪನ ಕಿವಿಯಲ್ಲಿ ಕೇಳಿದ: “ಗಂಟು ಎಷ್ಟು ಬರ್ತಾವ್ರಿ? ಬಳಿ ಪೆಟಿಗಿ ಒಳಗ ಸರಸ್ಲೇನು?”

“ಮಶಾಕ, ನಿನಗರ ಗೊತ್ತದ, ನಾ ಎದಕ ಬಂದೀನಂತ!”

“ಗೊತ್ತದ, ಗೊತ್ತದ. ಗುಂಡಿಗಿ,” ಮಶಾಕ ಕಣ್ಣು ಹೊಡೆದ. “ನಾ ಯಾರಿಗೂ ಹೇಳಂಗಿಲ್ಲ.” ಎದ್ದು ಬಳೆಯ ಪೆಟ್ಟಿಗೆಗಳನ್ನೆಲ್ಲ ಒಳಗೆ ಸರಿಸಿ, ಅಟ್ಟಣಿಗೆ ಖಾಲಿ ಮಾಡಿ, ಮತ್ತೊಮ್ಮೆ ಲೋಬಾನ ಹಾಕಿದ. ಗುಂಡಿಯ ಡಬ್ಬಿಯೂ ಒಳಗೆ ಹೋಯಿತು. “ಇವತ್ತಿನ ಬೋಣಿ ಅರಬಿದೇ,” ಎಂದು ಘೋಷಿಸಿದ.

ಅಮೃತಪ್ಪನಿಗೆ ಈಗ ಉಳಿದದ್ದು ದರ್ಜಿ ಅಂಬಾರಾಯನ ಮನೆಯೊಂದೇ. ಅವನ ಹಳೆಯ ಚಿಂದಿಯಲ್ಲಿ ಒಂದು ಗುಂಡಿಯಾದರೂ ಸಿಕ್ಕೀತು ಎಂದುಕೊಂಡು ಸದ್ದಿಲ್ಲದೆ ಪಕ್ಕಕ್ಕೆ ಸರಿದ. ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದೆ ಸಪ್ಪಳವಾಯಿತು. ಚಂದಮ್ಮ ಕೊಡ ಎತ್ತಿಕೊಂಡು ಬರುತ್ತಿದ್ದಳು. ಚಂದಮ್ಮನ ಹಿಂದೆ ಅತ್ತೆ ಸೊಸೆಯರು, ಅವರ ಹಿಂದೆ ಅಯ್ಯನವರು, ಎಲ್ಲರೂ ಒಬ್ಬರ ಹಿಂದೆ ಒಬ್ಬರು, ಪಾಳಿ ಮುರಿಯದೆ. ಅಮೃತಪ್ಪ ಹೆಜ್ಜೆ ಬೀಸಿದ, ಪಾಳಿಯೂ ಬೀಸಿತು. ಅವನು ಓಣಿಗೆ ಹೊರಳಿದ. ಪಾಳಿಯೂ, ಹಾವು ಬಿಲಕ್ಕೆ ಹೋಗುವ ಹಾಗೆ, ಓಣಿಗೆ ಹೊರಳಿತು.

“ಎದಕ ಬರಾಕತ್ತೀರಿ? ನಾ ಎಲ್ಲಿಗಿ ಹೊಂಟೀನಂತ ಗೊತ್ತದೇನು?”

“ನಮಗ ಗೊತ್ತಿಲ್ಲ, ನಿಮಗ ಗೊತ್ತದ. ಅದಕ್ಕೇ ಬರಾಕತ್ತೀವಿ,” ಎಂದಳು ಚಂದಮ್ಮ.

ದರ್ಜಿ ಅಂಬಾರಾಯ ಬಾಗಿಲಲ್ಲಿ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದ. ದಫ್ತರದ ಮನುಷ್ಯ ಶೇರವಾನಿಯಲ್ಲಿ ಬರುವುದನ್ನು ಕಂಡ. ಅವನ ಹಿಂದೆ ಅರ್ಧ ಊರು ಬರುವುದನ್ನೂ ಕಂಡ. ಅಂಬಾರಾಯನ ಮನೆಯಲ್ಲಿ ಬಸವಂತರಾಯನ ಎರಡು ಥಾನು ಬಟ್ಟೆ ರಾತ್ರಿ ತಂಗಲು ಬಂದು ಅಲ್ಲಿಯೇ ಉಳಿದಿದ್ದವು. ಜಪ್ತಿಗೆ ಬಂದರೆಂದು ಅವನು ಒಳಗೆ ಹಾರಿ ಅಗಳಿ ಹಾಕಿದ. “ಅಂಬಾರಾಯ, ಒಂದು ಗುಂಡಿ!” ಎಂದು ಅಮೃತಪ್ಪ ಬಾಗಿಲು ಬಡಿದ. “ಮನ್ಯಾಗ ಯಾರೂ ಇಲ್ರೀ!” ಎಂದು ಅಂಬಾರಾಯನ ದನಿಯೇ ಒಳಗಿನಿಂದ ಬಂತು.

ಅಮೃತಪ್ಪ ಮರಳಿ ಮಶಾಕನ ಅಂಗಡಿಗೆ ಬಂದ. ಪಾಳಿಯೂ ಬಂತು. ದಾರಿಯಲ್ಲಿ ಇನ್ನಷ್ಟು ಜನ ಕೂಡಿಕೊಂಡಿದ್ದರು. ಪಾಳಿಯಲ್ಲಿ ಇದ್ದವರಿಗೆ ಈಗ ನಂಬಿಕೆ ಗಟ್ಟಿಯಾಗಿತ್ತು. ನಮ್ಮನ್ನು ದಾರಿ ತಪ್ಪಿಸಲು ನೋಡಿದ, ಆಗಲಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಗಂಡ ಇನ್ನೂ ಬರಲಿಲ್ಲವೆಂದು ಶಿವಕಾಂತಮ್ಮ ಸೂಜಿ ದಾರ ಸೆರಗಿಗೆ ಸಿಕ್ಕಿಸಿಕೊಂಡು ಬಂದಳು. ಅವಳನ್ನು ನೋಡಿ ಅಮೃತಪ್ಪನಿಗೆ ಜೀವ ಬಂದಂತಾಯಿತು. ಜಗತ್ತಿನಲ್ಲಿ ತನ್ನ ಗುಂಡಿ ಬಿದ್ದದ್ದನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ.

“ಬಂದ್ಯಾ? ಈ ಮಂದಿಗಿ ಹೇಳು, ನಾ ಎದಕ ಬಂದೀನಂತ!”

ಶಿವಕಾಂತಮ್ಮ ಪಾಳಿಯನ್ನು ನೋಡಿದಳು. ಅದರ ಮೊದಲಲ್ಲಿ ನಿಂತ ಚಂದಮ್ಮನನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು.

“ಗುಂಡಿ ಅಂತ ಹೇಳಿ ಬಂದ್ರಿ,” ಎಂದಳು. “ನಾ ಖರೆ ಅಂತ ತಿಳಕೊಂಡು ಸೂಜಿ ಹಿಡಕೊಂಡು ಕುಂತೀನಿ. ಊರಿಗೆಲ್ಲ ಗೊತ್ತದ, ಆಜೂಬಾಜೂದವರಿಗಿ ಗೊತ್ತದ, ಚಂದವ್ವಗ ಎಲ್ಲಾರಕಿಂತ ಮೊದಲ ಗೊತ್ತದ. ಕಟಗೊಂಡ ಹೆಂಡತಿಗಿ ಹೇಳಬಾರದಾಗಿತ್ತೇನು?”

“ಗುಂಡಿ ಬಿದ್ದದ್ದು ನೀನೇ ನೋಡೀಯಲ್ಲ!”

“ನೋಡೀನಿ. ಈಗ ತಿಳೀಲಿಕತ್ತದ, ನೀವೇ ಕಿತ್ತಿರಬೇಕು.” ಮೂಗು ಒರೆಸಿಕೊಂಡು ಅವಳು ಚಂದಮ್ಮನ ಕಡೆ ತಿರುಗಿದಳು. “ಸರಿ ಅತ್ತಾಗ. ಅವರ ಹೆಂಡ್ತಿ ನಾ.”

“ಹೆಂಡ್ತಿ ಆದ್ರ ಮನ್ಯಾಗ. ಪಾಳ್ಯಾಗ ಹಿಂದ ಹೋಗಿ ನಿಂದ್ರು,” ಎಂದಳು ಚಂದಮ್ಮ. ಶಿವಕಾಂತಮ್ಮ ಗಂಡನ ಕಡೆಗೊಮ್ಮೆ ಸುಡುವ ಹಾಗೆ ನೋಡಿ, ಬೇವಿನ ಮರದಾಚೆ ಕಾಣದ ತುದಿಗೆ ಹೋದಳು.

ಅದೇ ಹೊತ್ತಿಗೆ ಸ್ಟೇಶನ್ನಿನ ಕಡೆಯಿಂದ ಗಾಡಿಯ ಸೀಟಿ ಕೇಳಿಸಿತು. ಅಮೃತಪ್ಪ ಬಿಚ್ಚಿದ ಕೊರಳಪಟ್ಟಿಯನ್ನು ಒಂದು ಕೈಯಿಂದ ಹಿಡಿದುಕೊಂಡು ದಫ್ತರಕ್ಕೆ ಓಡಲು ನೋಡಿದ. ಎರಡು ಹೆಜ್ಜೆ ಇಟ್ಟ. ಪಾಳಿ ಎರಡು ಹೆಜ್ಜೆ ಇಟ್ಟಿತು. ಇಡೀ ಊರನ್ನು ಬೆನ್ನಿಗೆ ಕಟ್ಟಿಕೊಂಡು ಸಾಹೇಬರ ಮುಂದೆ ಹೋಗುವುದಕ್ಕಿಂತ ಇಲ್ಲೇ ಇರುವುದು ಮೇಲೆಂದು ನಿಂತುಬಿಟ್ಟ. ಅವನ ಕಣ್ಣ ಮುಂದೆ ಕಾಯಂ ಹುಕುಂ ಗಾಳಿಪಟದಂತೆ ಮೇಲೆ ಮೇಲೆ ಹೋಗತೊಡಗಿತು.

ಸ್ವಲ್ಪ ಹೊತ್ತಿಗೆ ಬಜಾರದ ಬಾಯಲ್ಲಿ ಟಾಂಗಾ ಕಾಣಿಸಿತು. ಟಾಂಗಾದಲ್ಲಿ ಗಡ್ಡ ಕತ್ತರಿಸಿ ಒಪ್ಪ ಮಾಡಿದ, ಗಲ್ಲದ ತನಕ ಗುಂಡಿ ಹಾಕಿದ ದೊಡ್ಡ ಸಾಹೇಬರು. ಅವರ ಪಕ್ಕದಲ್ಲಿ ಮುದುಡಿ ಕುಳಿತ ಪೇಶಕಾರ ನಾಗೇಂದ್ರಪ್ಪ. ಟಾಂಗಾದ ಹಿಂದೆ ಎರಡು ಎತ್ತಿನ ಬಂಡಿಗಳು. ಬಂಡಿಗಳ ಮೇಲೆ ತಾಡಪಾಲು ಹೊದಿಸಿ ಬಿಗಿದ ದೊಡ್ಡ ದೊಡ್ಡ ಗಂಟುಗಳು. ಒಂದು ಗಂಟಿನ ಮೂಲೆ ಹರಿದು ಬಿಳಿ ಮಲ್ಲು ಬಟ್ಟೆಯ ತುದಿ ಹೊರಗೆ ಇಣುಕುತ್ತಿತ್ತು.

ಪಾಳಿಯಿಂದ ಎದ್ದ ಜಯಘೋಷಕ್ಕೆ ಟಾಂಗಾದ ಕುದುರೆ ಹೆದರಿ ಹಿಂಗಾಲಿನ ಮೇಲೆ ನಿಂತಿತು.

ಸಂಗತಿ ಹೀಗಿತ್ತು. ಪ್ರತಿಸಲ ಗಿರಣಿ ಬಟ್ಟೆ ಊರಿಗೆ ಬರುವ ಮೊದಲು ಸುದ್ದಿ ಬರುತ್ತಿತ್ತು. ಸುದ್ದಿ ಕೇಳಿ ವ್ಯಾಪಾರಿಗಳು ಬಟ್ಟೆಯನ್ನು ಹಗೇವಿಗೆ ಇಳಿಸುತ್ತಿದ್ದರು. ಈ ಸಲ ಸಾಹೇಬರು ಒಂದು ಉಪಾಯ ಹೂಡಿದ್ದರು. ತನಿಖೆಯೆಂದು ಹೇಳಿ, ಯಾರಿಗೂ ಸುಳಿವು ಕೊಡದೆ, ಬಟ್ಟೆಯನ್ನು ತಮ್ಮ ಗಾಡಿಯಲ್ಲೇ ತರುವುದು. ಬಟ್ಟೆಯ ವ್ಯಾಪಾರವನ್ನೇ ಅರಿಯದವನ ಅಂಗಡಿಯಲ್ಲಿ ನಿಂತು ಮಾರಿಸುವುದು. ಅದಕ್ಕೆ ಅವರು ಮನಸ್ಸಿನಲ್ಲೇ ಆರಿಸಿಟ್ಟದ್ದು ಬಜಾರದ ಬಳೆಯ ಅಂಗಡಿಯನ್ನು. ಪೇಶಕಾರನಿಗೂ ಇದು ಗೊತ್ತಾದದ್ದು ಸ್ಟೇಶನ್ನಿನಲ್ಲಿ. ಆ ಅಂಗಡಿ ಈಗ ನೋಡಿದರೆ ಗುಡಿಸಿ, ಖಾಲಿ ಮಾಡಿ, ಲೋಬಾನ ಹಾಕಿ ಸಿದ್ಧವಾಗಿತ್ತು. ಎದುರಿಗೆ ಊರೇ ಸಾಲಾಗಿ ನಿಂತಿತ್ತು. ಸಾಲಿನ ಮೊದಲಲ್ಲಿ, ಕೊರಳು ಬಿಚ್ಚಿಕೊಂಡು, ಅವರದೇ ದಫ್ತರದ ಕಾರಕೂನ ನಿಂತಿದ್ದ.

ಬಟ್ಟೆಯೇನೋ ಚೆನ್ನಾಗಿ ಹಂಚಿಕೆಯಾಯಿತು. ಮಶಾಕನ ಬೋಣಿ ಚಂದಮ್ಮನ ಕೈಯಿಂದಾಯಿತು. ಖುಷಿಯಲ್ಲಿ ಅವನು ಒಳಗೆ ಓಡಿ ಗುಂಡಿಯ ಡಬ್ಬಿ ಹುಡುಕಿ, ಒಂದು ಕರಿ ಗುಂಡಿ ತಂದು ಅಮೃತಪ್ಪನ ಕೈಯಲ್ಲಿ ಒತ್ತಿದ. “ಮಾತಿಗಿ ತಪ್ಪೋ ಮನಿಷ್ಯಾ ಅಲ್ರಿ ನಾ!” ಅದನ್ನು ಹಚ್ಚಿಕೊಡುವ ಸೂಜಿ ಮಾತ್ರ ಆಗ ಶಿವಕಾಂತಮ್ಮನ ಸೆರಗಿನಲ್ಲಿ, ಪಾಳಿಯಲ್ಲಿ ಬಹಳ ಹಿಂದೆ ಇತ್ತು. ದಫ್ತರದ ನೌಕರರಿಗೆ ಕಂಟ್ರೋಲಿನ ಬಟ್ಟೆ ಇಲ್ಲವೆಂದು ಪಾಳಿಯ ಮೊದಲಿನವನಿಗೆ ಏನೂ ಸಿಗಲಿಲ್ಲ. ಸಿಪಾಯಿ ಬಂದು ಭುಜ ಮುಟ್ಟಿ ಹೇಳಿದ: “ಸಾಹೇಬರು ಕರಿತಾರ.”

ದಫ್ತರದಲ್ಲಿ ಸಾಹೇಬರು ಮಾತಾಡಿದ್ದು ಉರ್ದುವಿನಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಕೊಟ್ಟಿದೆ. ಕಳೆದುಹೋದದ್ದು ಸಿಟ್ಟಿನ ಸೊಗಸು ಮಾತ್ರ.

“ಈ ವಿಷಯ ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಬೇಗಂಗೂ ಹೇಳಿರಲಿಲ್ಲ. ನಿನಗೆ ಹೇಗೆ ಗೊತ್ತಾಯಿತು?”

“ನನಗೇನೂ ಗೊತ್ತಿರ್ಲಿಲ್ಲ ಹುಜೂರ್.”

“ಮುಷ್ಟಿಯಲ್ಲಿ ಏನು ಬಚ್ಚಿಟ್ಟಿದ್ದೀ? ತೆರೆ.”

ಅಮೃತಪ್ಪ ಕೈ ಬಿಚ್ಚಿದ. ಬೆವರಿದ ಅಂಗೈಯಲ್ಲಿ ಗುಂಡಿ ಹೊಳೆಯಿತು.

“ಇದಕ್ಕೇ ನಿಂತಿದ್ದೆ ಹುಜೂರ್.”

ಸಾಹೇಬರು ಗುಂಡಿಯನ್ನು ನೋಡಿದರು, ಅವನನ್ನು ನೋಡಿದರು. “ಇಷ್ಟು ವರ್ಷದ ನೌಕರಿಯಲ್ಲಿ ದೊಡ್ಡ ದೊಡ್ಡ ಸುಳ್ಳು ಕೇಳಿದ್ದೇನೆ,” ಎಂದರು. “ಇಷ್ಟು ಸಣ್ಣದನ್ನು ಯಾರೂ ತಂದು ಕೈಯಲ್ಲಿ ತೋರಿಸಿರಲಿಲ್ಲ.”

ನಾಗೇಂದ್ರಪ್ಪ ಮೇಜಿನ ಮೇಲಿದ್ದ ಕಾಯಂ ಹುಕುಂ ಅನ್ನು ಮೆಲ್ಲಗೆ ಕಾಗದಗಳ ಒಂದು ದಪ್ಪ ಮಿಸಲಿನ ಕೆಳಗೆ ಸರಿಸಿದ. ಆದರೆ ಸಾಹೇಬರು ಕೈ ಎತ್ತಿ ತಡೆದರು. ಪೇಶಕಾರನನ್ನು ಹೊರಗೆ ಕಳಿಸಿದರು. ಸಿಪಾಯಿಯನ್ನೂ ಕಳಿಸಿದರು. ಎದ್ದು ಹೋಗಿ ಸ್ವತಃ ಬಾಗಿಲು ಮುಂದೆ ಮಾಡಿ ಬಂದರು. ಹುಕುಂ ಅನ್ನು ಹೊರಗೆ ಎಳೆದು ಎದುರಿಗಿಟ್ಟುಕೊಂಡರು, ಲೇಖಣಿಯನ್ನು ಶಾಯಿಯಲ್ಲಿ ಅದ್ದಿದರು. ಕುರ್ಚಿಯನ್ನು ತೋರಿಸಿ, ಇದ್ದಕ್ಕಿದ್ದಂತೆ ಬಹುವಚನಕ್ಕೆ ಬಂದರು.

“ಕೂತುಕೊಳ್ಳಿ ಅಮೃತಪ್ಪ. ನೀವು ಬುದ್ಧಿವಂತರು. ನಿಮಗೆ ಹೈದರಾಬಾದಿನ ದೊಡ್ಡ ಕಚೇರಿಯ ಗುಟ್ಟುಗಳನ್ನು ಯಾರು ಹೇಳುತ್ತಾರೆ ಎಂದು ನಾನು ಕೇಳುವುದಿಲ್ಲ. ಒಂದೇ ಮಾತು ಹೇಳಿ. ನನ್ನ ವರ್ಗಾವಣೆ ಎಲ್ಲಿಗೆ ಆಗುತ್ತದೆ?”

ಔರಂಗಾಬಾದ್, ಬೀದರ್, ನಾಂದೇಡ್ ಎಂದು ನಿಜಾಮರ ರಾಜ್ಯದಲ್ಲಿ ಊರುಗಳಿಗೆ ಕೊರತೆಯಿರಲಿಲ್ಲ. ಯಾವುದಾದರೂ ಒಂದನ್ನು ಉದುರಿಸಿದ್ದರೆ ಲೇಖಣಿ ಕೆಳಗಿಳಿಯುತ್ತಿತ್ತು. ಆದರೆ ಬೆಳಗಿನಿಂದ ನಿಜವನ್ನೇ ಹೇಳಿ ಹೇಳಿ ಅವನ ನಾಲಿಗೆಗೆ ಅದೇ ದಾರಿ ಬಿದ್ದಿತ್ತು.

“ಖರೇನೇ ನನಗ ಗೊತ್ತಿಲ್ಲ ಹುಜೂರ್,” ಎಂದ. ಬಾಯಿಂದ ಮಾತು ಹೊರಬಿದ್ದ ಮೇಲೆ ದೊಡ್ಡದಾಗಿ ಉಗುಳು ನುಂಗಿದ.

ಆ ಉಗುಳು ನುಂಗಿದ್ದನ್ನು ಸಾಹೇಬರು ನೋಡಿದರು. ಅವರ ಮುಖದ ಬಣ್ಣ ಇಳಿಯಿತು.

“ಹೇಳಲಾಗದಷ್ಟು ಕೆಟ್ಟ ಜಾಗವೇ?”

“ಗೊತ್ತಿಲ್ಲ ಹುಜೂರ್.”

“ಕಾಡಿನ ಕಡೆಯೇ?”

“ಗೊತ್ತಿಲ್ರಿ.”

ಸಾಹೇಬರು ಲೇಖಣಿಯನ್ನು ಒರೆಸಿ ಕೆಳಗಿಟ್ಟರು. ಹುಕುಂ ಅನ್ನು ತಾವೇ ಮತ್ತೆ ಮಿಸಲಿನ ಕೆಳಗೆ ಸರಿಸಿ, ಅದರ ಮೇಲೆ ಕೈಯಿಟ್ಟುಕೊಂಡರು.

“ಕಾಯಂ ಆದವನು ಬಾಯಿ ಬಿಡುವುದಿಲ್ಲ,” ಎಂದರು. “ನೀವು ಹಂಗಾಮಿಯಾಗಿಯೇ ಇರಿ. ನಾಳೆ ಮತ್ತೆ ಕೇಳುತ್ತೇನೆ.”